ಬಸವನಹುಳುವಿನ ಎರಡನೇ ಆವೃತ್ತಿ

"ಇನ್ನು ಮೇಲೆ ನನ್ನ ಹೆಸರು ಹಿಡಿದು ಕರೀಬೇಡ."

ಪ್ರಯೋಗಾಲಯದ ಬಾಗಿಲಲ್ಲೇ ನಿಂತು ಅವಳು ಹಾಗೆಂದಳು. ಅವನು ಕಂಪ್ಯೂಟರ್ ಬಿಟ್ಟು ಎದ್ದ. ಪಾಪ, ಅವನು ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಕೆರೆಯ ಬಸವನಹುಳುಗಳ ಮೇಲೆ ಸಂಶೋಧನೆ ಮಾಡುವವಳು, ಒಂದು ಪುಟ ಬರೆಯಲು ತಿಂಗಳುಗಟ್ಟಲೆ ಎಳೆಯುವವಳು. ಅವನ ಬಾಯಲ್ಲಿ ಅವಳೂ ಬಸವನಹುಳುವೇ.

"ಸ್ವಲ್ಪ ನನ್ನ ಮಾತು ಕೇಳು..."

"ಕೇಳೋಕೇನಿದೆ? ಊರಿಗೆಲ್ಲ ಹೇಳಿ ಆಯ್ತಲ್ಲ."

ಅವಳು ಮೊಬೈಲನ್ನು ಅವನ ಮುಖಕ್ಕೆ ಹಿಡಿದಳು. ಅವಳ ಪ್ರಬಂಧದ ಕೆಳಗೆ ಅವನು ಬರೆದ ಟಿಪ್ಪಣಿಯ ಮೊದಲ ಸಾಲು ಅಲ್ಲಿತ್ತು. 'ಈ ಪ್ರಬಂಧದ ಮುಖ್ಯ ಫಲಿತಾಂಶ ತಪ್ಪು. ಇದನ್ನು ನಂಬಿ ಯಾರೂ...' ಒತ್ತಿದರೆ ಮುಂದಿನದೂ ಕಾಣುತ್ತಿತ್ತು. ಒತ್ತಲು ಅವಳಿಗೆ ಕೈ ಬಂದಿರಲಿಲ್ಲ.

"ಪೂರ್ತಿ ಓದಿದ್ಯಾ?"

"ಮಧ್ಯಾಹ್ನ ನನ್ನ ಕೆಲಸದ ಸಂದರ್ಶನ. ಅವರು ನೋಡೋದು ಇದೊಂದೇ ಪ್ರಬಂಧ. ನಿನಗೆ ಗೊತ್ತಿತ್ತು."

"ಗೊತ್ತಿತ್ತು," ಎಂದ ಅವನು ತಲೆ ತಗ್ಗಿಸಿ.

ಅದೊಂದು ಮಾತಿಗೆ ಅವಳ ಎದೆ ಒಡೆದುಹೋಯಿತು. ತಿರುಗಿ ನೋಡದೆ ಹೊರಟುಬಿಟ್ಟಳು.

ದಾರಿಯುದ್ದಕ್ಕೂ ಹಳೆಯದೇ ನೆನಪು. ಲೆಕ್ಕಕ್ಕೆ ಪ್ರೋಗ್ರಾಂ ಬರೆದುಕೊಟ್ಟು ಪ್ರಬಂಧದಲ್ಲಿ ಅವಳ ಜೊತೆ ಹೆಸರು ಹಂಚಿಕೊಂಡವನು, ಪ್ರಿಪ್ರಿಂಟ್ ಹಾಕು ಎಂದು ಬೆನ್ನು ಹತ್ತಿದವನು ಅವನೇ. ದೊಡ್ಡ ಕೆರೆಯ ಹುಳುಗಳು ಹೊರಗಿನಿಂದ ಬಂದ ಪೀಡೆ ಎನ್ನುವ ಪ್ರಬಂಧವನ್ನು ಪರಿಶೀಲಕರು ಒಪ್ಪುವ ತನಕ ಕಾಯದೆ ಎಲ್ಲರೂ ಓದುವಂತೆ ಜಾಲತಾಣಕ್ಕೆ ಏರಿಸುವುದು! ಅವಳಿಗೆ ನೆನೆದರೇ ಭಯ.

"ಏರಿಸಿದ್ದನ್ನ ಅಳಿಸೋಕಾಗಲ್ಲವಂತೆ. ತಪ್ಪಿದ್ದರೆ?"

"ತಿದ್ದಿ ಎರಡನೇ ಆವೃತ್ತಿ ಹಾಕೋದು. ನಾನಿದ್ದೀನಲ್ಲ."

ಆ 'ನಾನಿದ್ದೀನಲ್ಲ' ಎಂಬುದಕ್ಕೇ ಅವಳು ಮನಸ್ಸು ಕೊಟ್ಟಿದ್ದಳು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ. ಈಗ ಯಾರ ಹತ್ತಿರ ಹೇಳುವುದು?

ಮನೆಯಲ್ಲಿ ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ಮಡಚುತ್ತಿದ್ದಳು. ತಂಗಿ ಆ ರಾಶಿಯಲ್ಲೇ ಮುಖ ಹುದುಗಿಸಿ ಬಿಕ್ಕಿದಳು.

"ನನಗೆ ಸಂದರ್ಶನವೂ ಬೇಡ, ಅವನೂ ಬೇಡ ಅಕ್ಕ... ನನ್ನ ಮುಖಕ್ಕೆ ಮಸಿ ಬಳಿದ."

"ಮೊದಲು ಎದ್ದೇಳು, ಇಸ್ತ್ರಿ ಹಾಳಾಗುತ್ತೆ. ಎಲ್ಲಿ, ಮೊಬೈಲ್ ಕೊಡು." ಅಕ್ಕ ಟಿಪ್ಪಣಿಯನ್ನು ಒತ್ತಿ ಗಟ್ಟಿಯಾಗಿ ಓದತೊಡಗಿದಳು. "'...ಇದನ್ನು ನಂಬಿ ಯಾರೂ ದೊಡ್ಡ ಕೆರೆಗೆ ವಿಷ ಹಾಕಬೇಡಿ. ತಪ್ಪು ನನ್ನದು. ಲೆಕ್ಕ ಮಾಡಿದ ನನ್ನ ಪ್ರೋಗ್ರಾಂ ಎರಡು ಕೆರೆಗಳ ಹೆಸರನ್ನು ಅದಲು ಬದಲು ಮಾಡಿದೆ. ಹೊರಗಿನಿಂದ ಬಂದ ಜಾತಿ ಇರುವುದು ಚಿಕ್ಕ ಕೆರೆಯಲ್ಲಿ. ದೊಡ್ಡ ಕೆರೆಯವು ಬೇರೆಲ್ಲೂ ಇಲ್ಲದವು. ಅವಳು ಆರಿಸಿ ತಂದ ಒಂದೊಂದು ಚಿಪ್ಪೂ ಸರಿಯಾಗಿದೆ.'"

ಅವಳ ಅಳು ಅಲ್ಲೇ ನಿಂತಿತು.

"ವಿಷ ಹಾಕೋದು ಯಾವತ್ತಂತೆ?" ಅಕ್ಕ ಕೇಳಿದಳು.

ನೀರಿನ ಇಲಾಖೆಯ ಪ್ರಕಟಣೆ ತೆರೆದು ನೋಡಿದರೆ, ಇವತ್ತೇ! ಅವಳ ಪ್ರಿಪ್ರಿಂಟ್ ಓದಿಯೇ ಇಲಾಖೆ ದೊಡ್ಡ ಕೆರೆಯ ಹುಳುಗಳನ್ನು ಕೊಲ್ಲಲು ತರಾತುರಿಯಲ್ಲಿ ನಿರ್ಧರಿಸಿತ್ತು.

"ಅವನು ನನಗೆ ಮೊದಲೇ ಒಂದು ಮಾತು ಹೇಳಬಹುದಿತ್ತಲ್ಲ ಅಕ್ಕ?"

"ನಿನ್ನೆಯೆಲ್ಲ ಫೋನ್ ಆಫ್ ಮಾಡಿ ಸಂದರ್ಶನಕ್ಕೆ ಓದ್ತಿದ್ದವಳು ಯಾರೇ?"

ಚಪ್ಪಲಿ ಮೆಟ್ಟಲೂ ಮರೆತು ಅವಳು ಓಡಿದಳು.

ದೊಡ್ಡ ಕೆರೆಯ ಏರಿಯ ಮೇಲೆ ವಿಷದ ಡ್ರಮ್ಮುಗಳು ಸಾಲಾಗಿ ನಿಂತಿದ್ದವು. ಅವನು ಇಲಾಖೆಯ ಎಂಜಿನಿಯರ್ ಮುಂದೆ ಕೈಮುಗಿದು ನಿಂತಿದ್ದ.

"ಯಾರೋ ಕೆಳಗೆ ಏನೋ ಬರೆದರು ಅಂತ ಕೆಲಸ ನಿಲ್ಲಿಸೋಕಾಗಲ್ಲ ರೀ. ಪ್ರಬಂಧ ಹಾಕಿದವರು ತಿದ್ದಲಿ."

"ಹಾಕಿದವಳು ನಾನು," ಎಂದಳು ಅವಳು ಏದುಸಿರು ಬಿಡುತ್ತ. "ತಿದ್ದುತೀನಿ. ಅಲ್ಲಿವರೆಗೆ ಮುಚ್ಚಳ ತೆಗೀಬೇಡಿ ಸಾರ್."

ಅವನ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲಿನ ಮೇಲೆ ಕುಳಿತಳು. ಒಂದು ಪುಟಕ್ಕೆ ತಿಂಗಳುಗಟ್ಟಲೆ ಎಳೆಯುತ್ತಿದ್ದವಳ ಬೆರಳು ಈಗ ನಿಲ್ಲಲೇ ಇಲ್ಲ. 'ಮೊದಲ ಆವೃತ್ತಿಯ ತೀರ್ಮಾನ ತಪ್ಪು' ಎಂದು ಎಲ್ಲಕ್ಕಿಂತ ಮೇಲೆ ಬರೆದಳು. ಸಂದರ್ಶನದ ಹೊತ್ತು ಮೀರುತ್ತಿತ್ತು. ಅದು ಗೊತ್ತಿದ್ದೇ ಬರೆದಳು.

ಏರಿಸಿದ್ದು ಕಂಡ ಮೇಲೆ ಎಂಜಿನಿಯರ್ ತಮ್ಮ ಮೊಬೈಲಿನಲ್ಲಿ ನಿಧಾನವಾಗಿ ಓದಿದರು. "ಡ್ರಮ್ ವಾಪಸ್ ಹತ್ತಿಸ್ರಪ್ಪ," ಎಂದರು.

ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

"ನಿನ್ನ ಕೆಲಸ ಹೋಯ್ತು, ನನ್ನಿಂದ," ಅವನು ಪಕ್ಕದಲ್ಲಿ ಕುಳಿತ. "ಆ ಪ್ರಬಂಧದಿಂದ ನನ್ನ ಹೆಸರು ತೆಗೆದುಬಿಡು."

"ಮೊದಲನೇದರಲ್ಲಿ ಇದೆಯಲ್ಲ. ಏರಿಸಿದ್ದನ್ನ ಅಳಿಸೋಕಾಗಲ್ಲ." ಅವಳು ಕೆರೆಯನ್ನೇ ನೋಡುತ್ತಿದ್ದಳು. "ಎರಡನೇದರಲ್ಲೂ ಇಟ್ಟಿದ್ದೀನಿ. ಮೂರನೇದರಲ್ಲೂ ಇರುತ್ತೆ. ನನಗೆ ನೀನು ಬೇಕು ಕಣೋ."

ಅವನು ಅವಳ ಕಡೆ ತಿರುಗಿದ. "ಮೂರನೇದರಲ್ಲೂ ನಾನು ತಪ್ಪು ಮಾಡಿದರೆ, ಬಸವನಹುಳು?" ಎಂದ.

"ಮಾಡೇ ಮಾಡ್ತೀಯ," ಅವಳು ಕಣ್ಣೊರೆಸಿಕೊಂಡಳು. "ಫೋನ್ ಮಾಡು... ಎತ್ತುತೀನಿ."