ಹದಿನಾಲ್ಕನೇ ಸೀಸೆಯ ಕಪ್ಪೆ

“ಬಾಯಿ ಬಿಡೋ ಮಾರಾಯ, ಚುಚ್ಚಲ್ಲ,” ಎಂದು ಕಪ್ಪೆ ಅಕ್ಕ ರಸ್ತೆ ಬದಿಯ ಕೊಳದ ದಂಡೆಯಲ್ಲಿ ಕೂತು, ಅಂಗೈಯಲ್ಲಿದ್ದ ಕಪ್ಪೆಯನ್ನು ಪುಸಲಾಯಿಸುತ್ತಿದ್ದಳು. ಹತ್ತಿ ಸುತ್ತಿದ ಕಡ್ಡಿಯಿಂದ ಅದರ ಬಾಯೊಳಗೆ ಮೆಲ್ಲಗೆ ಒರೆಸಿ, ಕಡ್ಡಿಯನ್ನು ಪುಟ್ಟ ಸೀಸೆಗೆ ಹಾಕಿದಳು. ಚೀಟಿ ಅಂಟಿಸುವುದು ಚಿಕ್ಕಿಯ ಕೆಲಸ.

ಅಕ್ಕ ಕಾಲೇಜಿನಲ್ಲಿ ಕಪ್ಪೆಗಳ ಬಗ್ಗೆ ಓದುತ್ತಿದ್ದಳು; ಅದಕ್ಕೇ ಚಿಕ್ಕಿ ಅವಳಿಗೆ ಇಟ್ಟ ಹೆಸರು ಕಪ್ಪೆ ಅಕ್ಕ. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಚಿಕ್ಕಿಗೆ ಮಾತಿಗೆ ಸಿಗುತ್ತಿದ್ದವಳು ಅವಳೊಬ್ಬಳೇ. ಅಜ್ಜಿ ತೀರಿಕೊಂಡ ಮೇಲೆ ಚಿಕ್ಕಿ ದೊಡ್ಡ ರಸ್ತೆಯ ಆಚೆಯಿಂದ ಈಚೆಗೆ, ಮಾವನ ಮನೆಗೆ ಬಂದಿದ್ದಳು. ಮಾವ, ಅತ್ತೆ ಒಳ್ಳೆಯವರೇ. ಆದರೆ ಅವರು ಕೆಲಸ ಮುಗಿಸಿ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು.

“ಇವತ್ತು ಖುಷಿ ಸುದ್ದಿ ಕಣೇ,” ಎಂದಳು ಅಕ್ಕ. “ರಸ್ತೆ ಆದಾಗಿಂದ ಈ ಕೊಳಕ್ಕೆ ಹೊರಗಿನ ಕಪ್ಪೆ ಬಂದೇ ಇರ್ಲಿಲ್ಲ. ಇಲ್ಲಿರೋದೆಲ್ಲ ಒಂದೇ ಮನೆಯೋರ ಥರ ಆಗ್ಬಿಟ್ಟಿತ್ತು.”

“ಆದ್ರೆ ಏನಕ್ಕಾ? ಜಗಳ ಇರಲ್ಲ.”

ಅಕ್ಕ ನಕ್ಕಳು. “ಜಗಳಾನೂ ಇರಲ್ಲ, ಬಲಾನೂ ಇರಲ್ಲ. ಒಂದು ರೋಗ ಬಂದ್ರೆ ಎಲ್ಲಾ ಒಟ್ಟಿಗೆ ಮಲಗ್ತವೆ. ಹೊಸಬರು ಬಂದು ಸೇರಿದ್ರೆ ಮರಿಗಳಿಗೆ ಬೇರೆ ಬೇರೆ ಗುಣ ಬರುತ್ತೆ. ಹೋದ ತಿಂಗಳು ಹದಿನಾಲ್ಕನೇ ಸೀಸೆ ಇತ್ತಲ್ಲ? ಅದು ಆಚೆ ಕೊಳದ ಕಪ್ಪೆಯಂತೆ, ಎಂಜಲು ಪರೀಕ್ಷೆ ಮಾಡಿ ಲ್ಯಾಬ್‌ನೋರು ಹೇಳಿದ್ರು. ರಸ್ತೆ ಕೆಳಗಿನ ಪೈಪಲ್ಲಿ ನುಸುಳಿ ಬಂದಿದೆ. ಕಪ್ಪೆಗಳಿಗೆ ಅಗಲವಾದ ದಾರಿ ಮಾಡಿಕೊಡಿ ಅಂತ ಎಂಜಿನಿಯರ್‌ನ ಕೇಳಿದ್ದೆ. ಇನ್ನು ಬೇಡ, ಪೈಪೇ ಸಾಕು ಅಂತ ನಾಳೆ ಬರೆದುಕೊಡ್ತೀನಿ.”

ಚೀಟಿ ಚಿಕ್ಕಿಯ ಬೆರಳಿಗೇ ಅಂಟಿಕೊಂಡಿತು.

ಅಜ್ಜಿಯ ಮನೆ ಖಾಲಿ ಮಾಡಿದ ದಿನ, ಹಿತ್ತಲಾಚೆಯ ಕೊಳದಿಂದ ಆ ಕಪ್ಪೆಯನ್ನು ಟಿಫಿನ್ ಡಬ್ಬಿಯಲ್ಲಿ ಬಚ್ಚಿಟ್ಟು ತಂದವಳು ಅವಳೇ. ಸಂಜೆ ಪ್ರಾರ್ಥನೆಗೆ ಕೂತಾಗ ಕಪ್ಪೆ ಕೂಗಿದರೆ ಅಜ್ಜಿ, “ನೋಡು, ಅದೂ ದೇವರನ್ನ ಕರೀತಿದೆ,” ಎನ್ನುತ್ತಿದ್ದಳು.

ಹೇಳಿದರೆ ಅಕ್ಕ ಇನ್ನು ಹತ್ತಿರ ಸೇರಿಸಲಿಕ್ಕಿಲ್ಲ. ಚಿಕ್ಕಿ ದಂಡೆಯಲ್ಲೇ ಬಾಯಿ ತೆರೆದಿದ್ದ ಪೈಪಿನೊಳಗೆ ಬಗ್ಗಿ ನೋಡಿದಳು. ಕೆಸರು, ಪ್ಲಾಸ್ಟಿಕ್ ಚೀಲ. ಆಚೆಯ ಬೆಳಕು ಒಂದಿಷ್ಟೂ ಕಾಣಲಿಲ್ಲ.

“ಅಕ್ಕಾ, ಅದು ತಾನಾಗಿ ಬರ್ಲಿಲ್ಲ. ನಾನು ತಂದೆ. ಡಬ್ಬೀಲಿ.”

ಅಕ್ಕ ಅಂಗೈಯಲ್ಲಿದ್ದ ಕಪ್ಪೆಯನ್ನು ಮೆಲ್ಲಗೆ ನೀರಿಗೆ ಬಿಟ್ಟಳು. “ಹಾಗೆಲ್ಲ ತರಬಾರ್ದು ಕಣೇ. ಅದರ ಜೊತೆ ಆಚೆ ರೋಗಾನೂ ಬರಬಹುದು,” ಎಂದಳು. “ಯಾಕೆ ತಂದೆ?”

“ನಂಗಿಲ್ಲಿ ಯಾರೂ ಗೊತ್ತಿರ್ಲಿಲ್ಲ.”

ಅಕ್ಕ ನೋಟ್‌ಬುಕ್ ತೆಗೆದು, ಹದಿನಾಲ್ಕರ ಮುಂದಿದ್ದ ‘ಪೈಪಿನಿಂದ’ ಎಂಬುದನ್ನು ಹೊಡೆದುಹಾಕಿ, ಪೆನ್ನನ್ನು ಅವಳ ಕೈಗಿಟ್ಟಳು. “ನೀನೇ ಬರಿ. ಇದ್ದದ್ದು ಇದ್ದ ಹಾಗೆ.”

‘ಅಜ್ಜಿಯ ಕೊಳದಿಂದ. ಟಿಫಿನ್ ಡಬ್ಬಿಯಲ್ಲಿ,’ ಎಂದು ಚಿಕ್ಕಿ ಬರೆದಳು.

“ನಾಳೆ ಬರ್ತೀಯ ತಾನೇ? ಈ ಪೈಪಿನ ಚಿತ್ರ ಬೇಕು, ಇದು ಸಾಲಲ್ಲ, ಅಗಲವಾದ ದಾರೀನೇ ಬೇಕು ಅಂತ ಎಂಜಿನಿಯರ್‌ಗೆ ತೋರ್ಸೋಕೆ. ನಂಗೆ ನೆಟ್ಟಗೆ ಗೆರೆ ಎಳೆಯೋಕೂ ಬರಲ್ಲ.”

ಚಿಕ್ಕಿ ತಲೆಯಾಡಿಸಿದಳು.

ಕೊಳದಲ್ಲಿ ಒಂದು ಕಪ್ಪೆ ಕೂಗಿತು. ಹದಿನಾಲ್ಕನೆಯದೇ ಇರಬೇಕು ಎಂದುಕೊಂಡಳು. ಇಷ್ಟು ಲಾರಿಗಳ ಸದ್ದು ದಾಟಿ ಅದರ ದನಿ ಆಚೆಯ ಕೊಳಕ್ಕೆ ಮುಟ್ಟುವುದಿಲ್ಲ. ಅವಳು ಉಸಿರು ಬಿಗಿಹಿಡಿದು ಕಾದಳು. ಸ್ವಲ್ಪ ಹೊತ್ತಿಗೆ, ಹತ್ತಿರದ ಹುಲ್ಲಿನಿಂದಲೇ ಇನ್ನೊಂದು ಓಗೊಟ್ಟಿತು.

ಚಿಕ್ಕಿ ಬ್ಯಾಗು ಹೆಗಲಿಗೇರಿಸಿ ಮನೆಯ ಕಡೆ ನಡೆದಳು.