ಗರುಗದ ಸೊಪ್ಪಿನ ಲೋಷನ್

“ನಿಜ ಹೇಳಿ ನಿಂಗರಾಜ್, ತುರಿಕೆ ಆಗ್ತಿಲ್ವಾ?”

“ಇಲ್ರಿ ಮೇಡಂ. ಆರಾಮ ಐತಿ.”

ವನಿತಾ ಅವನ ತಲೆಯ ಮೇಲೆ ಹಿಡಿದಿದ್ದ ಪುಟ್ಟ ಕ್ಯಾಮೆರಾದ ಪರದೆಯತ್ತ ನೋಡಿದಳು. ಅವನ ನೆತ್ತಿ ಕೆಂಪಗಾಗಿತ್ತು. ಉಗುರಿನ ಗೀರುಗಳು ಸ್ಪಷ್ಟವಾಗಿದ್ದವು.

ಗರುಗದ ಸೊಪ್ಪು, ದಾಸವಾಳ, ರೋಸ್ಮರಿ ಎಣ್ಣೆ ಸೇರಿಸಿ ಅವಳೇ ಎರಡು ವರ್ಷ ಕೂತು ಮಾಡಿದ ಲೋಷನ್ ಅದು. ಕೂದಲು ಉದುರುವ ನಲವತ್ತು ಜನ ಅದನ್ನು ಹಚ್ಚಿಕೊಂಡು, ತಿಂಗಳಿಗೊಮ್ಮೆ ಜಯನಗರದ ಈ ಕ್ಲಿನಿಕ್ಕಿಗೆ ಬಂದು ಫಾರಂ ತುಂಬುತ್ತಿದ್ದರು. ಬಾಗಲಕೋಟೆಯಿಂದ ಬಂದು ಸುದ್ದಗುಂಟೆಪಾಳ್ಯದಲ್ಲಿ ಬಾಡಿಗೆಗಿದ್ದ ನಿಂಗರಾಜ ಅವರಲ್ಲೊಬ್ಬ. ಅವನು ಬರುವ ಶನಿವಾರ ಕನ್ನಡಿ ಮುಂದೆ ತಾನು ಹೆಚ್ಚು ಹೊತ್ತು ನಿಲ್ಲುವುದು ವನಿತಾಗೆ ಗೊತ್ತಿತ್ತು, ಒಪ್ಪಿಕೊಂಡಿರಲಿಲ್ಲ, ಅಷ್ಟೆ.

“ಗೀರು ಕಾಣಿಸ್ತಿದೆ.”

ಅವನು ತಲೆ ತಗ್ಗಿಸಿದ. “ಮೂರು ವಾರ ಆತ್ರಿ. ದಿಂಬಿಗೆ ತಲಿ ಇಟ್ರ ಉರೀತೈತಿ.”

“ಮತ್ಯಾಕೆ ಫಾರಂನಲ್ಲಿ ಇಲ್ಲ ಅಂತ ಬರೆದ್ರಿ?”

“ಆ ಬಾಟ್ಲಿ ಕೈಯಾಗ ಹಿಡಿದಾಗ ನಿಮ್ಮ ಮುಖ ಎಷ್ಟು ಅರಳತೈತಿ ಗೊತ್ತೇನ್ರಿ? ಅದನ್ನ ಬಾಡಸಾಕ ಮನಸ್ಸಾಗ್ಲಿಲ್ಲ.”

ಅವಳ ಎದೆ ಒಂದು ಕ್ಷಣ ಕರಗಿತು. ಮರುಕ್ಷಣವೇ ಸ್ವಾಭಿಮಾನ ಸೆಟೆದು ನಿಂತಿತು.

“ನನ್ನ ಕೆಲಸಕ್ಕೆ ಯಾರ ಕನಿಕರಾನೂ ಬೇಡ. ನಾಳೆ ಇದನ್ನ ಹಚ್ಕೊಳ್ಳೋರಿಗೂ ಹೀಗೇ ಉರಿದ್ರೆ? ಡಾಕ್ಟರಿಗೆ ತೋರಿಸಿ, ಲೋಷನ್ ನಿಲ್ಲಿಸಿ. ಇನ್ನು ನೀವು ಬರೋದು ಬೇಡ.”

ಅವನು ಎದ್ದು ಹೋದ.

ಅಂದೇ ಉಳಿದ ಮೂವತ್ತೊಂಬತ್ತು ಜನಕ್ಕೂ ಅವಳು ಫೋನ್ ಮಾಡಿದಳು. ಇನ್ನೂ ಐದು ಮಂದಿಗೆ ಉರಿ ಇತ್ತು. ಅವಳು ಕೆಲಸ ಮಾಡುತ್ತಿದ್ದ ಲೋಷನ್ ಕಂಪನಿಯ ಮಾಲೀಕ ಕರಿಬಸವಯ್ಯ, “ಐದಾರು ಜನಕ್ಕೆ ತಾನೇನಮ್ಮ? ಮಾರ್ಕೆಟ್‌ಗೆ ಬಿಟ್ಬಿಡೋಣ,” ಎಂದರು.

“ನಾನು ಸೈನ್ ಹಾಕಲ್ಲ ಸಾರ್.”

ಉರಿಗೆ ಕಾರಣವಾಗಿದ್ದ ರೋಸ್ಮರಿ ಎಣ್ಣೆಯನ್ನು ಅರ್ಧಕ್ಕಿಳಿಸಿ ಪರೀಕ್ಷೆಯನ್ನು ಮೊದಲಿನಿಂದ ಶುರುಮಾಡಿದಳು. ಏಳು ತಿಂಗಳಾಯಿತು. ಈ ಸಲ ಯಾರಿಗೂ ಉರಿಯಲಿಲ್ಲ, ಉದುರುವುದು ಕಡಿಮೆಯಾಯಿತು. ಬೋಳಾದಲ್ಲಿ ಹೊಸ ಕೂದಲು ಬರಲಿಲ್ಲ. ಅದನ್ನೂ ಮುಚ್ಚಿಡದೆ ವರದಿಯಲ್ಲಿ ಬರೆದಳು. ಓದಿ ಮುಗಿಸಿದ ಕರಿಬಸವಯ್ಯ ಎದ್ದು ನಿಂತು ಕೈ ಕುಲುಕಿದರು.

ಆ ಸಂಜೆ ವನಿತಾ ಹಳೆಯ ಫಾರಂನಲ್ಲಿದ್ದ ವಿಳಾಸ ಹಿಡಿದು ಆಟೋ ಹತ್ತಿ ಸುದ್ದಗುಂಟೆಪಾಳ್ಯಕ್ಕೆ ಹೋದಳು. ಬಾಗಿಲು ತೆರೆದ ನಿಂಗರಾಜನ ತಲೆ ನುಣ್ಣಗೆ ಬೋಳಾಗಿತ್ತು.

“ಇದೇನಿದು?”

“ನಾಕು ಕೂದಲ ಬಾಚಿ ಬಾಚಿ ಎಷ್ಟು ದಿನ ಮುಚ್ಚೂದ್ರಿ? ತೆಗಿಸಿಬಿಟ್ಟೆ. ಈಗ ತಲಿ ಎತ್ತಿ ಅಡ್ಡಾಡ್ತೀನಿ.”

“ಸಖತ್ತಾಗಿದೆ.” ಅವಳು ಉಸಿರೆಳೆದುಕೊಂಡಳು. “ಲೋಷನ್ ಗೆದ್ದಿದೆ ನಿಂಗರಾಜ್. ಯಾರೂ ಸುಳ್ಳು ಹೇಳದೇನೇ ಗೆದ್ದಿದೆ. ಅದನ್ನ ಮೊದಲು ನಿಮಗೇ ಹೇಳ್ಬೇಕು ಅನ್ನಿಸ್ತು. ಯಾಕೇಂದ್ರೆ... ನೀವು ನಂಗಿಷ್ಟ.”

ಅವನ ಕೈ ತಾನಾಗಿ ನೆತ್ತಿಗೆ ಹೋಯಿತು. “ಈ ತಲಿ ನೋಡಿದ ಮ್ಯಾಲೂನಾ?”

“ಅದನ್ನ ನನ್ನಷ್ಟು ಹತ್ರದಿಂದ ಇನ್ಯಾರು ನೋಡಿದ್ದಾರೆ ಹೇಳಿ?”

ಅವನು ನಕ್ಕ, ಮುಖ ಕಿವಿಯವರೆಗೂ ಕೆಂಪೇರಿತು. ಬಾಗಿಲನ್ನು ಪೂರ್ತಿ ತೆರೆದ.

“ಒಳಗ ಬರ್ರಿ. ಅವ್ವ ಊರಿಂದ ಬಂದಾಳ. ನನ್ನ ಬಾಯಾಗ ದಿನಾ ನಿಮ್ಮ ಹೆಸರ ಕೇಳಿ ಕೇಳಿ ಬ್ಯಾಸತ್ತಾಳ.”

ವನಿತಾ ಚಪ್ಪಲಿ ಕಳಚಿ, ತಲೆಯೆತ್ತಿಕೊಂಡು ಒಳಗೆ ಹೆಜ್ಜೆಯಿಟ್ಟಳು.