ಕತ್ತರಿ ಬೇಡ, ಬೆರಳು ಸಾಕು

"ಕೈ ತೆಗೀರಿ ಅದರ ಮೇಲಿಂದ."

ಬಾಲ್ಕನಿಯಲ್ಲಿ ಮಂಡಿಯೂರಿದ್ದ ಅಪರಿಚಿತ ತಲೆ ಎತ್ತಿದ. ಅವನ ಎರಡು ಬೆರಳುಗಳ ನಡುವೆ ಅಜ್ಜಿಯ ಪೈನ್ ಬೋನ್ಸಾಯಿಯ ಎಳೆ ಚಿಗುರು. ಮೊಳದುದ್ದದ ಮರ, ತಟ್ಟೆಯಂಥ ಕುಂಡ. ಅಜ್ಜಿ ತನ್ನ ಹರೆಯದಿಂದ ಸಾಕಿಕೊಂಡು ಬಂದದ್ದು.

ಮೊಮ್ಮಗಳು ಹೊಲಿಗೆ ಯಂತ್ರ ಬಿಟ್ಟು ಓಡಿ ಬಂದಿದ್ದಳು. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಬಟ್ಟೆ ಕತ್ತರಿ.

"ಪಕ್ಕದ ಬೀದಿ ನರ್ಸರಿಯವನು ನಾನು. ಅಜ್ಜಿ ಕರೆದಿದ್ರು."

"ಕರೆದರೆ ಬಂದು ಮರದ ತಲೆ ಮುರಿಯೋದಾ?"

ಅವನು ನಕ್ಕ. "ಮೇಲಿನ ಚಿಗುರು ಜೋರು. ಬಿಟ್ಟರೆ ಊಟವೆಲ್ಲ ಅದೇ ತಿನ್ನುತ್ತೆ, ಕೆಳಗಿನವಕ್ಕೆ ಉಪವಾಸ. ಜೋರಿರೋದನ್ನ ಚಿವುಟಬೇಕು, ಸೊರಗಿದ್ದನ್ನ ಮುಟ್ಟಬಾರದು. ಆಗ ಒಳಗಡೆ ಮೊಗ್ಗೊಡೆದು ಮರ ದಟ್ಟವಾಗುತ್ತೆ."

ಒಳಗಿನಿಂದ ಅಜ್ಜಿಯ ಧ್ವನಿ ಬಂತು. "ಅವನ ಪಾಡಿಗೆ ಬಿಡೇ ಚಿನ್ನಿ. ನನ್ನ ಕೈ ನಡುಗುತ್ತೆ, ಕಣ್ಣು ಮಂಜು. ಪ್ರದರ್ಶನಕ್ಕೆ ಹೋದಲ್ಲೆಲ್ಲ ಇದನ್ನ ಪೊದೆ ಅಂದ್ರು. ಕಣ್ಣು ಪೂರ್ತಿ ಹೋಗೋಕೆ ಮುಂಚೆ ಇದು ಗೆದ್ದ ಮರಕ್ಕಿಡೋ ನಡುಪೀಠದ ಮೇಲೆ ಕೂತಿರೋದನ್ನ ಒಂದು ಸಲ ನೋಡಬೇಕು."

ಅವಳು ಹೊಲಿಗೆ ಯಂತ್ರಕ್ಕೆ ಮರಳಿದಳು. ಆದರೆ ಅವನ ನಗು ಮಾತ್ರ ಬಟ್ಟೆಯಲ್ಲಿ ಮರೆತ ಗುಂಡುಸೂಜಿಯಂತೆ ಇಡೀ ದಿನ ಚುಚ್ಚುತ್ತಿತ್ತು.

ಅವನು ಹೋದ ಮೇಲೆ ಮರವನ್ನು ಸುತ್ತಲೂ ನೋಡಿದಳು. ಮೇಲೆ ಗಿಡ್ಡ, ಕೆಳಗೆ ಉದ್ದ... ಇದೆಂಥ ಕೆಲಸ? ಸೊಟ್ಟ ಅಂಚು ಕಂಡರೆ ದರ್ಜಿಯ ಕೈ ಸುಮ್ಮನಿದ್ದೀತೇ? ಒಂದು ಸಂಜೆ ಅದೇ ಕತ್ತರಿ ತೆಗೆದುಕೊಂಡು ಕೆಳಗಿನ ಕೊಂಬೆಗಳನ್ನೆಲ್ಲ ಸಮ ಮಾಡಿದಳು. ಹೊಸದಾಗಿ ಮಡಿಚಿ ಹೊಲಿದ ಲಂಗದ ಅಂಚಿನಂತೆ ಕಂಡಿತು.

ಕೆಲವು ವಾರಗಳಲ್ಲಿ ಎಲೆಗಳ ತುದಿ ಕಂದು ಬಣ್ಣಕ್ಕೆ ತಿರುಗಿತು.

ಅವಳಿಗೆ ಕಂಡದ್ದು ಒಂದೇ ಕಾರಣ. ಅವನು ಮುಟ್ಟಿದ ಮೇಲೆ ತಾನೇ ಹೀಗಾದದ್ದು? ಅಜ್ಜಿಯ ಎದುರಿಗೇ ಅವನನ್ನು ಕರೆಸಿದಳು.

"ನೋಡಿ ನಿಮ್ಮ ಬೆರಳಿನ ಮಹಿಮೆ."

ಅವನು ಬಗ್ಗಿ ಒಂದು ಎಲೆಯನ್ನು ಸವರಿದ. ಅವಳ ಮೇಜಿನ ಮೇಲಿದ್ದ ಕತ್ತರಿಯನ್ನು ನೋಡಿದ. ಮತ್ತೆ ಕುರ್ಚಿಯಲ್ಲಿ ಕುಳಿತ ಅಜ್ಜಿಯನ್ನು.

"ತಪ್ಪು ನನ್ನದೇ ಅಜ್ಜಿ. ಮರ ಸಾಯಲ್ಲ. ಚೇತರಿಸಿಕೊಳ್ಳುತ್ತೆ."

"ಇನ್ನು ಈ ಕಡೆ ಕಾಲಿಡಬೇಡಿ," ಎಂದಳು ಅವಳು.

ಬಾಗಿಲಲ್ಲಿ ಅವನು ಅವಳಿಗಷ್ಟೇ ಕೇಳುವಂತೆ ಹೇಳಿದ. "ಚೆನ್ನಾಗಿ ಬಿಸಿಲು ಬೀಳಲಿ. ಕತ್ತರಿ ಮಾತ್ರ ಬೇಡ."

ಕತ್ತರಿ?

ಅವಳು ಬಾಲ್ಕನಿಗೆ ಹಿಂತಿರುಗಿ ಮರದ ಮುಂದೆ ಕುಳಿತಳು. ಅವನು ಚಿವುಟಿದ ಮೇಲ್ಭಾಗ ಹಸಿರಾಗಿತ್ತು. ಚಿವುಟಿದ ಜಾಗದ ಹಿಂದೆ ಸಾಸಿವೆಯಂಥ ಮೊಗ್ಗುಗಳು. ಕಂದಿದ್ದು ಕೆಳಗಿನ ಎಲೆಗಳ ತುಂಡಾದ ತುದಿಗಳು ಮಾತ್ರ, ಎಲ್ಲವೂ ಒಂದೇ ಅಳತೆಗೆ. ಅಚ್ಚುಕಟ್ಟಾಗಿ, ಸಮನಾಗಿ...

ತನ್ನದೇ ಕೈಯ ಅಂಚನ್ನು ಯಾವ ದರ್ಜಿ ಗುರುತಿಸುವುದಿಲ್ಲ?

ಅಳತೆ ಟೇಪನ್ನೂ ತೆಗೆಯದೆ ನರ್ಸರಿಗೆ ಓಡಿದಳು. ಅವನು ಸಸಿಗಳಿಗೆ ನೀರು ಹಾಕುತ್ತಿದ್ದ.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ನಾನು ಹೊರಗಿನವನು. ಅಜ್ಜಿ ನನ್ನನ್ನ ಒಂದು ದಿನ ಬೈದು ಮರೀತಾರೆ." ಪೈಪನ್ನು ಕೆಳಗಿಟ್ಟ. "ಅವರ ಕೈ ಸೋತಿದೆ, ಕಣ್ಣು ಸೋಲ್ತಿದೆ. ಇನ್ನು ಉಳಿದಿರೋದು ನಿಮ್ಮ ಕೈ ಮೇಲಿನ ನಂಬಿಕೆ. ಅದನ್ನ ಚಿವುಟೋಕೆ ಮನಸ್ಸಾಗಲಿಲ್ಲ."

ಅವಳು ಬಗ್ಗಿ ಪೈಪನ್ನು ಎತ್ತಿ ಅವನ ಕೈಗೆ ಕೊಟ್ಟಳು.

"ನನಗೆ ಕಲಿಸಿ," ಎಂದಳು ಮೆಲ್ಲಗೆ.

ವಾರವಾರ ಅವನು ಬಂದ. ಕಂದಿದ ಎಲೆಗಳನ್ನು ಒಂದೊಂದಾಗಿ ಕಿತ್ತರು. ಆ ವರ್ಷವೆಲ್ಲ ಮರಕ್ಕೆ ವಿಶ್ರಾಂತಿ. ಮತ್ತೆ ಚಿಗುರು ಬಂದಾಗ ಅವನು ಕೈ ಕಟ್ಟಿ ನಿಂತ.

"ಎಲೆ ಬಿಚ್ಚೋ ಮೊದಲೇ, ಎಳೆಯದಿರುವಾಗಲೇ ಹಿಡೀರಿ. ಎಳೀಬೇಡಿ, ಸ್ವಲ್ಪ ತಿರುಚಿ."

ಕತ್ತರಿ ಹಿಡಿದು ಗಟ್ಟಿಯಾದ ಬೆರಳುಗಳು ಹೆದರಿದವು. ಆಮೇಲೆ 'ಪಟ್' ಎಂಬ ಮೃದು ಸದ್ದು. ಚಿಗುರಿನ ತುದಿ ಅಂಗೈಗೆ ಬಿತ್ತು. ಅವಳು ಅವನತ್ತ ನೋಡಿದಳು. ಅವನು ಮರವನ್ನು ನೋಡುತ್ತಿರಲಿಲ್ಲ.

ಪ್ರದರ್ಶನದ ದಿನ ಸಭಾಂಗಣ ತುಂಬಿತ್ತು. ತೀರ್ಪುಗಾರರು ಅಜ್ಜಿಯ ಮರದ ಸುತ್ತ ಎರಡೆರಡು ಬಾರಿ ನಡೆದರು. ಕೊಂಬೆಕೊಂಬೆಯೂ ಹಸಿರು ದಿಂಬು, ಸೂಜಿ ತೂರಲು ಸಂದಿಲ್ಲ. ಆಮೇಲೆ ಇಬ್ಬರು ಅದನ್ನೆತ್ತಿ ನಡುಪೀಠದ ಮೇಲೆ ಇಟ್ಟರು. ಮೊದಲ ಸ್ಥಾನ!

ಅಜ್ಜಿ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದಳು. ಕಂಡಷ್ಟು ಕಂಡು, ಉಳಿದದ್ದನ್ನು ಅಂಗೈಯಿಂದ ಸವರಿದಳು. "ಪೊದೆ ಅಂದವರು ಎಲ್ಲಿದ್ದಾರೆ ಈಗ? ಕರೀರಿ."

ಚಪ್ಪಾಳೆಯ ನಡುವೆ ಮೊಮ್ಮಗಳು ಪಕ್ಕದಲ್ಲಿದ್ದ ಅವನತ್ತ ಕೈ ತೋರಿದಳು. "ಅಜ್ಜಿ, ಅವತ್ತು ಮರ ಕೆಡಿಸಿದ್ದು ಇವರಲ್ಲ. ನಾನು."

"ಗೊತ್ತು."

"ಗೊತ್ತಾ?"

"ಚಿವುಟಿದ ಚಿಗುರಿನ ಎಲೆ ಮೆತ್ತಗೆ, ಕತ್ತರಿಸಿದ ಎಲೆ ಮೊಂಡು. ಮುಟ್ಟಿದ ದಿನವೇ ತಿಳೀತು. ಮನೇಲಿ ಕತ್ತರಿ ಯಾರ ಹತ್ತಿರ ಇದೆ, ನನ್ನ ಹತ್ತಿರವಾ?"

"ಮತ್ತೆ ಬೈಲಿಲ್ಲ ಯಾಕೆ?"

"ನಾನು ಬೈದು ಮುಗಿಸಿದ್ರೆ ನೀನು ನರ್ಸರಿಗೆ ಓಡ್ತಿದ್ಯಾ?" ಅಜ್ಜಿ ಮರದತ್ತ ತಿರುಗಿದಳು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರೆ. ನನ್ನ ಮನೇಲಿ ಎರಡೂ ಬಗ್ಗಿದವು ನೋಡು, ಮರವೂ ಮೊಮ್ಮಗಳೂ."

ಅವಳ ಕಿವಿ ಕೆಂಪಾಯಿತು. ಅವನು ಕೆಮ್ಮಿದ.

"ಮರಕ್ಕೆ ಇನ್ನು ನಾನು ಬೇಕಾಗಿಲ್ಲ," ಎಂದ ಅವಳಿಗೆ. "ನಿಮ್ಮ ಬೆರಳಿಗೆ ವಿದ್ಯೆ ಬಂದಿದೆ."

"ಮರಕ್ಕೆ ಬೇಡ. ನನಗೆ ಬೇಕು."

ಆಡಿದ ಮಾತಿಗೆ ಅವಳೇ ಬೆಚ್ಚಿದಳು. ಆದರೆ ಹಿಂದೆಗೆಯಲಿಲ್ಲ.

ಅವನು ತನ್ನ ಬೆರಳುಗಳನ್ನೇ ನೋಡಿಕೊಂಡ. "ನನ್ನೊಳಗೂ ಒಂದು ಚಿಗುರಿತ್ತು. ಕಾಲಿಡಬೇಡ ಅಂತ ನೀವು ಬೈದ ದಿನ ಚಿವುಟಿ ಹಾಕಿದೆ. ಆಮೇಲೂ ಎಷ್ಟೋ ಸಲ ಚಿವುಟಿದೆ..."

"ಏನಾಯ್ತು?"

"ಒಳಗೊಳಗೇ ದಟ್ಟವಾಯ್ತು."

ಅವಳು ಅವನ ಬೆರಳುಗಳ ನಡುವೆ ತನ್ನ ಬೆರಳು ಸೇರಿಸಿದಳು. ಎರಡು ಕೈಗೂ ಪೈನ್ ಅಂಟಿನ ಅದೇ ಪರಿಮಳ.

"ಸ್ವಲ್ಪ ಜೋರಾಗಿ ಮಾತಾಡ್ರಪ್ಪ," ಎಂದಳು ಅಜ್ಜಿ, ಮರದಿಂದ ಮುಖ ತಿರುಗಿಸದೆಯೇ. "ಕಣ್ಣು ಹೋದ್ರೂ ಕಿವಿ ಇದೆ."